ನಾಲ್ಕು ವರ್ಷ ಬಳಸಿದ ಮಧ್ಯಯುಗದ ಊಟದ ಸೆಟ್: ಬಟ್ಟಲು ಗೆದ್ದಿತು, ಫೋರ್ಕ್ ಮೂಲೆ ಸೇರಿತು

ಇಂಗ್ಲೆಂಡಿನಲ್ಲಿ ಸಿಂಹಾಸನಕ್ಕಾಗಿ ನಡೆದ 15ನೆಯ ಶತಮಾನದ ರೋಸಸ್ ಯುದ್ಧಗಳ ಕಾಲವನ್ನು ಮರುಅಭಿನಯಿಸುವ ತಂಡವೊಂದನ್ನು ಸೇರಿ ನನಗೆ ನಾಲ್ಕು ವರ್ಷಗಳಾದವು. ಬೇಸಿಗೆಯ ವಾರಾಂತ್ಯಗಳಲ್ಲಿ ಡೇರೆ ಹಾಕಿ, ಸೌದೆ ಒಲೆಯಲ್ಲಿ ಅಡುಗೆ ಮಾಡಿ, ನೋಡಲು ಬಂದವರ ಎದುರಿಗೇ ಊಟ ಮಾಡುವುದೂ ನಮ್ಮ ಕೆಲಸದ ಭಾಗ. ಆ ಯುದ್ಧಗಳಲ್ಲೊಂದಾದ 1471ರ ಕದನದ ನೆನಪಿಗೆ ಟ್ಯೂಕ್ಸ್‌ಬರಿಯಲ್ಲಿ ಪ್ರತಿ ಜುಲೈಯಲ್ಲಿ ನಡೆಯುವ ಉತ್ಸವದಲ್ಲಂತೂ ತಟ್ಟೆಯಲ್ಲಿ ಏನಿದೆ, ಕೈಯಲ್ಲಿ ಏನಿದೆ ಎಂಬುದನ್ನು ಜನ ಬಗ್ಗಿ ನೋಡುತ್ತಾರೆ. ಹಾಗಾಗಿ ಮೊದಲ ವರ್ಷವೇ, ‘15ನೆಯ ಶತಮಾನದ ಊಟದ ಸೆಟ್’ ಎಂಬ ಹೆಸರಿನಲ್ಲಿ ಮಾರಾಟಕ್ಕಿದ್ದ ಮರದ ಬಟ್ಟಲು, ತಟ್ಟೆಯಂತೆ ಬಳಸುವ ಚೌಕ ಹಲಗೆ, ಪ್ಯೂಟರ್ ಎಂಬ ಮಿಶ್ರಲೋಹದ ಚಮಚ, ಒರೆಸಹಿತ ಚಾಕು, ಕೊಂಬಿನ ಲೋಟ ಮತ್ತು ಎರಡು ಮುಳ್ಳಿನ ಫೋರ್ಕ್ ಇವಿಷ್ಟನ್ನು 85 ಪೌಂಡ್ ಕೊಟ್ಟು ತರಿಸಿಕೊಂಡೆ.

ಕೊಟ್ಟ ಹಣವನ್ನು ತೀರಿಸಿದ್ದು ಬಟ್ಟಲು. ಆ್ಯಶ್ ಮರದ ತುಂಡನ್ನು ಕಾಲಿನಿಂದ ತುಳಿಯುವ ಲೇತ್‌ನಲ್ಲಿ ಕಡೆದದ್ದು. ಒಳಮೈಯಲ್ಲಿ ಉಳಿಯ ಗೆರೆಗಳು ಬೆರಳಿಗೆ ಈಗಲೂ ಸಿಗುತ್ತವೆ. ಈ ಕಸುಬು ಎಷ್ಟು ಹಳೆಯದೆಂದರೆ ಯಾರ್ಕ್ ನಗರದ ಕಾಪರ್‌ಗೇಟ್ ಬೀದಿಯ ಹೆಸರಿಗೆ ಬಟ್ಟಲು ಕಡೆಯುವವರ ಬೀದಿ ಎಂದೇ ಅರ್ಥ, ಮತ್ತು ಅಲ್ಲಿ ನಡೆದ ಉತ್ಖನನದಲ್ಲಿ ಲೇತ್‌ನಿಂದ ಉಳಿದ ಮರದ ತಿರುಳುಗಳೂ ಸಿಕ್ಕಿವೆ. ಬಟಾಣಿ, ಬಾರ್ಲಿ, ಲೀಕ್ ಹಾಕಿ ಕುದಿಸಿದ ಗಟ್ಟಿ ಗಂಜಿಯಂಥ ಪಾಟೇಜ್ ಬಡಿಸಿದರೆ ಒಳಗಿನ ಬಿಸಿ ಕೈಗೆ ತಾಕುವುದಿಲ್ಲ, ಊಟವೂ ಬೇಗ ಆರುವುದಿಲ್ಲ. ಎರಡನೆಯ ವರ್ಷ ತೊಳೆದ ಬಟ್ಟಲನ್ನು ಒಲೆಯ ಪಕ್ಕದಲ್ಲಿ ಒಣಗಲು ಇಟ್ಟು ಅಂಚಿನಲ್ಲಿ ಕೂದಲೆಳೆಯಷ್ಟು ಸೀಳು ಬಿಡಿಸಿಕೊಂಡೆ. ಅದು ನನ್ನದೇ ತಪ್ಪು. ಆಗಿನಿಂದ ನೆರಳಲ್ಲೇ ಒಣಗಿಸಿ, ತಿಂಗಳಿಗೊಮ್ಮೆ ಅಗಸೆ ಎಣ್ಣೆಯನ್ನು ತೆಳುವಾಗಿ ಸವರುತ್ತಿದ್ದೇನೆ, ಸೀಳು ಮುಂದುವರಿದಿಲ್ಲ. ಒಮ್ಮೆ ಮನೆಯಲ್ಲಿ ಆಸೆಪಟ್ಟು ಅದರಲ್ಲೇ ಹುಳಿ ಅನ್ನ ಕಲಸಿಕೊಂಡು ಉಂಡಿದ್ದರ ಅರಿಸಿನದ ಕಲೆ ಮಾತ್ರ ತಳದಲ್ಲಿ ಹಾಗೇ ಉಳಿದಿದೆ. ಶಿಬಿರಕ್ಕೆ ಬಂದವರು ಅದನ್ನು ಕೇಸರಿಯೇ ಎಂದು ಕೇಳಿದಾಗ ನಾನು ತಿದ್ದುವುದಿಲ್ಲ.

ಚೌಕ ಹಲಗೆಯ ಮೂಲೆಯಲ್ಲಿ ಉಪ್ಪಿಗೆ ಸಣ್ಣ ಕುಳಿಯಿದೆ, ಚಂದವಾಗಿದೆ. ಆದರೆ ಇದಕ್ಕೂ ಹಿಂದಿನ ರೂಢಿಯಂತೆ ಹಳಸಲು ರೊಟ್ಟಿಯ ದಪ್ಪ ಹೋಳನ್ನೇ, ನಮ್ಮ ಮುತ್ತುಗದೆಲೆಯಂತೆ, ಒಂದು ಹೊತ್ತಿನ ತಟ್ಟೆಯಾಗಿ ಬಳಸುವುದು ನನಗೆ ಹೆಚ್ಚು ಒಗ್ಗಿದೆ.

ಚಮಚದ ಬಗ್ಗೆ ಕೊಳ್ಳುವ ಮೊದಲೇ ವಿಚಾರಿಸಬೇಕಾದ ಮಾತೊಂದಿದೆ. ಪ್ಯೂಟರ್ ಎಂದರೆ ಬಹುಪಾಲು ತವರ; ಹಿಂದೆ ಅದಕ್ಕೆ ಸೀಸವನ್ನೂ ಬೆರೆಸುತ್ತಿದ್ದರು. ಆದ್ದರಿಂದ ಹಳೆಯ ಸಾಮಾನಿನ ಅಂಗಡಿಯ ಚಮಚ ಎಷ್ಟೇ ಅಪ್ಪಟವಾಗಿದ್ದರೂ ಅದರಲ್ಲಿ ಉಣ್ಣಬಾರದು, ಸೀಸವಿಲ್ಲದ ಹೊಸ ಎರಕವನ್ನೇ ಕೊಳ್ಳಬೇಕು. ಹಿತ್ತಾಳೆಯ ಚಮಚಗಳೂ ಆ ಕಾಲಕ್ಕೆ ಒಪ್ಪುವಂಥವೇ, ಆದರೆ ಕಲಾಯಿ ಹಾಕದ ಹಿತ್ತಾಳೆಯಲ್ಲಿ ಹುಳಿ ಕಿಲುಬುವುದನ್ನು ಮನೆಯಲ್ಲಿ ಕಂಡವನಾದ್ದರಿಂದ ನಾನು ಅತ್ತ ಹೋಗಲಿಲ್ಲ. ತವರ 232 ಡಿಗ್ರಿ ಸೆಲ್ಸಿಯಸ್‌ಗೇ ಕರಗುತ್ತದೆ. ಕೆಂಡದ ಅಂಚಿಗೆ ಚಮಚ ಬಿಟ್ಟು ಮರೆತ ನಮ್ಮ ತಂಡದವರೊಬ್ಬರ ಕೈಗೆ ಕೊನೆಗೆ ಸಿಕ್ಕಿದ್ದು ಹಿಡಿ ಮಾತ್ರ.

ಇನ್ನು ಫೋರ್ಕ್. ಮಾರಿದವರ ಮೇಲೆ ನನ್ನ ತಕರಾರು ಇರುವುದು ಇಲ್ಲಿಯೇ. ಇಟಲಿಯಲ್ಲಿ ಊಟದ ಫೋರ್ಕ್ ಮೊದಲೇ ಬಳಕೆಯಲ್ಲಿತ್ತು ನಿಜ, ಆದರೆ ಇಂಗ್ಲೆಂಡಿನ ಥಾಮಸ್ ಕೊರ್ಯಾಟ್ 1611ರಷ್ಟು ತಡವಾಗಿ ಪ್ರಕಟವಾದ ತನ್ನ ಪ್ರವಾಸಕಥನದಲ್ಲಿ ಇಟಲಿಯವರು ಫೋರ್ಕ್ ಹಿಡಿಯುವುದನ್ನು ಒಂದು ಹೊಸ ಸಂಗತಿಯೆಂಬಂತೆ ವರ್ಣಿಸಿದ್ದಾನೆ. ಅಂಥದ್ದರಲ್ಲಿ 1471ರ ಇಂಗ್ಲಿಷ್ ಬಿಲ್ಲುಗಾರನ ಚೀಲದಲ್ಲಿ, ಅದೂ ಸ್ಟೇನ್‌ಲೆಸ್ ಸ್ಟೀಲಿನ ಫೋರ್ಕ್ ಎಲ್ಲಿಂದ ಬಂದೀತು? ಮೊದಲ ಶಿಬಿರದಲ್ಲಿಯೇ ತಂಡದ ಹಿರಿಯರು ಅದನ್ನು ಮೆಲ್ಲಗೆ ಒಳಗಿಡಿಸಿದರು. ಮಾರಿದವರಿಗೆ ಬರೆದಾಗ, ಗಿರಾಕಿಗಳು ಕೇಳುತ್ತಾರೆ ಎಂಬ ಉತ್ತರ ಬಂದಿತು. ಕೈಯಲ್ಲಿ ಉಂಡು ಬೆಳೆದ ನನಗೆ ಅದರ ಕೊರತೆ ಒಂದು ದಿನವೂ ಕಾಡಲಿಲ್ಲ.

ಕೊಂಬಿನ ಲೋಟ ತಣ್ಣನೆಯ ಪಾನೀಯಕ್ಕಷ್ಟೇ ಸರಿ. ಬಿಸಿ ಸುರಿದರೆ ಮೆತ್ತಗಾಗಿ ವಾಸನೆ ಬರುತ್ತದೆ.

ಚಾಕು ಒಳ್ಳೆಯದೇ, ಆದರೆ ಸೋಮಾರಿಗಳಿಗಲ್ಲ. ಕಾರ್ಬನ್ ಉಕ್ಕಾದ್ದರಿಂದ ಸೇಬು ಹೆಚ್ಚಿದ ಕೂಡಲೇ ಒರೆಸದಿದ್ದರೆ ಅಲಗು ಕಪ್ಪಾಗುತ್ತದೆ, ಒದ್ದೆಯಾಗಿ ಚರ್ಮದ ಒರೆಗೆ ಸೇರಿಸಿದರೆ ಬೆಳಗಾಗುವಷ್ಟರಲ್ಲಿ ತುಕ್ಕು. ಅಂದಿನವರು ಸ್ವಂತ ಚಾಕುವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೇ ಊಟಕ್ಕೆ ಹೋಗುತ್ತಿದ್ದರು. ಇಂದು ತಕ್ಕ ಕಾರಣವಿಲ್ಲದೆ ಮಡಚಲಾಗದ ಚಾಕು ಹಿಡಿದು ಸಾರ್ವಜನಿಕ ಸ್ಥಳದಲ್ಲಿ ಓಡಾಡುವುದು ಇಲ್ಲಿ ಅಪರಾಧ, ಆದ್ದರಿಂದ ಶಿಬಿರ ತಲುಪುವವರೆಗೆ ಅದು ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯ ತಳದಲ್ಲಿರುತ್ತದೆ.

ಕಳೆದ ವರ್ಷ ನನ್ನ ಹೆಂಡತಿಯೂ ತಂಡ ಸೇರಿದಾಗ ಸೆಟ್ಟಿನ ಗೊಡವೆಗೆ ಹೋಗದೆ ಬಟ್ಟಲು, ಚಮಚ, ಚಾಕುಗಳನ್ನು ಮೂವರು ಕುಶಲಕರ್ಮಿಗಳಿಂದ ಬಿಡಿಯಾಗಿ ಕೊಂಡೆವು. 12 ಪೌಂಡ್ ಹೆಚ್ಚಾಯಿತು. ಅವಳ ಬಟ್ಟಲು ನನ್ನದಕ್ಕಿಂತ ಆಳವಾಗಿದೆ. ಹುಳಿ ಅನ್ನಕ್ಕೆ ಅವಳು ಅದನ್ನು ಕೊಡುವುದಿಲ್ಲ.