ಕೊಡಗಿನ ಮಳೆಯಲ್ಲಿ ಮಗಳ ಕಾಕ್ಲಿಯರ್ ಇಂಪ್ಲಾಂಟ್

ಹೆಂಚಿನ ಮೇಲೆ ಹನಿ ಬಿದ್ದರೆ ಮಗಳು ಈಗ ‘ಅಮ್ಮಾ, ಮಳೆ’ ಅನ್ನುತ್ತಾಳೆ. ಹಾಗಾಗಿ ಕೇಳಿದವರಿಗೆಲ್ಲ ಕಾಕ್ಲಿಯರ್ ಇಂಪ್ಲಾಂಟ್, ಅಂದರೆ ಕಿವಿ ಕೇಳದವರ ಒಳಗಿವಿಗೆ ತಂತಿ ತೂರಿಸಿ ಶಬ್ದ ಮುಟ್ಟಿಸುವ ಸಾಧನ, ಧೈರ್ಯವಾಗಿ ಹಾಕಿಸಿ ಅನ್ನುತ್ತೇನೆ. ಆದರೆ ಮಡಿಕೇರಿಯ ಥಂಡಿ ಕಿವಿ ಹಿಂದೆ ಸಿಕ್ಕಿಸುವ, ಶಬ್ದ ಹಿಡಿಯುವ ಪ್ರೊಸೆಸರ್‌ಗೆ ಆಗಿಬರುವುದಿಲ್ಲ. ರಾತ್ರಿ ಅದನ್ನು ತೇವ ಹೀರುವ ಸಿಲಿಕಾ ಜೆಲ್ ಡಬ್ಬಿಯಲ್ಲಿ ಇಡಲೇಬೇಕು. ರೇನ್‌ಕೋಟಿನ ಟೋಪಿ ಎಳೆದರೆ ತಲೆಗೆ ಅಂಟಿಕೊಂಡ ಮ್ಯಾಗ್ನೆಟ್ ಕಳಚುತ್ತದೆ, ಕ್ಲಿಪ್ ಹಾಕಿ. ಕೇಬಲ್ ಬೆಲೆ ಜಾಸ್ತಿ, ಅದೊಂದೇ ಬೇಸರ.

ಈ ಇಂಪ್ಲಾಂಟ್ ಹಿಂದಿನ ಸರ್ಜನ್ನರಲ್ಲಿ ಆಸ್ಟ್ರೇಲಿಯಾದ ಗ್ರೇಮ್ ಕ್ಲಾರ್ಕ್ ನನಗೆ ತುಂಬಾ ಇಷ್ಟ. ಅವರ ಅಪ್ಪನಿಗೇ ಕಿವಿ ಸರಿಯಾಗಿ ಕೇಳುತ್ತಿರಲಿಲ್ಲ. ಒಳಗಿವಿ ಶಂಖದ ಹಾಗೆ ಸುರುಳಿ ಅಲ್ವಾ, ತಂತಿ ತೂರಿಸುವುದು ಹೇಗೆ? ಕಡಲತೀರದಲ್ಲಿ ಚಿಪ್ಪಿನೊಳಗೆ ಹುಲ್ಲಿನ ಎಸಳು ತೂರಿಸಿ ನೋಡಿದರು. ತುದಿ ಮೆತ್ತಗೆ, ಬುಡ ಗಟ್ಟಿ ಇದ್ದದ್ದು ಸಲೀಸಾಗಿ ಒಳಗೆ ಹೋಯಿತು. 1978ರಲ್ಲಿ ಮೆಲ್ಬರ್ನ್‌ನಲ್ಲಿ ತಮ್ಮ ಮೊದಲ ಮಲ್ಟಿಚಾನೆಲ್ (ಹಲವು ಎಲೆಕ್ಟ್ರೋಡ್ ಇರುವ) ಇಂಪ್ಲಾಂಟ್ ಕೂರಿಸಿದರು.

ಆಪರೇಷನ್ ಆದಮೇಲೆ ಮ್ಯಾಪಿಂಗ್ (ಮಗುವಿಗೆ ಹೊಂದುವಂತೆ ಪ್ರೊಸೆಸರ್ ಶಬ್ದ ಸರಿಪಡಿಸುವುದು), ಮಾತಿನ ತರಬೇತಿ ತಪ್ಪಿಸಬೇಡಿ. ನಾವು ಅದಕ್ಕೆ ಮೈಸೂರಿಗೆ ಹೋಗುತ್ತೇವೆ.