ಯಾಶಿಕಾ ಎಲೆಕ್ಟ್ರೊ 35 ಜಿಎಸ್‌ಎನ್: ಗುಜರಿ ಅಂಗಡಿಯಿಂದ ಬಂದ ಕ್ಯಾಮೆರಾದ ದೀರ್ಘಕಾಲದ ಬಳಕೆಯ ವಿಮರ್ಶೆ

ಹಳೆಯ ಸಾಮಾನಿನ ಅಂಗಡಿಯಲ್ಲಿ ಯಾಶಿಕಾ ಎಲೆಕ್ಟ್ರೊ 35 ಎಂಬ ರೀಲು ಕ್ಯಾಮೆರಾ ಕಣ್ಣಿಗೆ ಬಿದ್ದರೆ, ಅದನ್ನು ಕೊಳ್ಳಬೇಕೇ ಬಿಡಬೇಕೇ ಎಂಬುದನ್ನು ಅಲ್ಲಿಯೇ ನಿಂತು ತೀರ್ಮಾನಿಸಬಹುದು. ಈ ಕ್ಯಾಮೆರಾ ಕೆಡುವ ಬಗೆಗಳು ಕೆಲವೇ ಆಗಿರುವುದು ಮತ್ತು ಅವುಗಳಲ್ಲಿ ಹೆಚ್ಚಿನವನ್ನು ತಾಳ್ಮೆಯಿದ್ದವರು ಮನೆಯಲ್ಲಿಯೇ ಸರಿಪಡಿಸಬಹುದಾಗಿರುವುದು ಇದಕ್ಕೆ ಕಾರಣ. ನನ್ನ ಬಳಿ ಇರುವುದು ತುಮಕೂರಿನ ಗುಜರಿ ಅಂಗಡಿಯೊಂದರಲ್ಲಿ, ಕೆಟ್ಟ ರೇಡಿಯೊಗಳ ರಾಶಿಯ ನಡುವೆ ಸಿಕ್ಕಿದ್ದು. ಅಂದಿನಿಂದ ಇಂದಿನವರೆಗೆ ಜಾತ್ರೆ, ಬೆಟ್ಟ, ದೇವಸ್ಥಾನ, ಮನೆಯ ಸಮಾರಂಭಗಳಲ್ಲೆಲ್ಲ ಅದನ್ನೇ ಬಳಸುತ್ತ ಬಂದಿದ್ದೇನೆ. ಕೊಳ್ಳುವ ಮೊದಲು ಏನು ನೋಡಬೇಕು, ಕೊಂಡ ಮೇಲೆ ಏನು ಮಾಡಬೇಕು, ವರ್ಷಗಳ ಬಳಕೆಯಲ್ಲಿ ಅದು ಹೇಗೆ ನಡೆದುಕೊಂಡಿದೆ ಎಂಬುದನ್ನು ಇಲ್ಲಿ ಬರೆಯುತ್ತಿದ್ದೇನೆ.

ಮೊದಲು ಗುರುತಿಸುವಿಕೆ. ಎಲೆಕ್ಟ್ರೊ 35 ಎಂಬುದು ಒಂದೇ ಕ್ಯಾಮೆರಾ ಅಲ್ಲ, ಅದೊಂದು ವಂಶ. ಮೊದಲನೆಯದು 1966ರಲ್ಲಿ ಬಂದಿತು, ಬಳಿಕ 1968ರಲ್ಲಿ ಜಿ, 1970ರಲ್ಲಿ ಜಿಎಸ್, 1973ರಲ್ಲಿ ಜಿಎಸ್‌ಎನ್ ಬಂದವು. ಜಿಎಸ್‌ಎನ್ ಮಾದರಿಯ ಕಪ್ಪು ಬಣ್ಣದ ರೂಪಕ್ಕೆ ಜಿಟಿಎನ್ ಎಂದು ಹೆಸರು. ಬೆಳ್ಳಿ ಬಣ್ಣದ ಜಿಎಸ್ ಮತ್ತು ಜಿಎಸ್‌ಎನ್‌ಗಳನ್ನು ಅಕ್ಕಪಕ್ಕದಲ್ಲಿಟ್ಟರೆ ತಕ್ಷಣ ವ್ಯತ್ಯಾಸ ತಿಳಿಯದು. ಮೇಲ್ಭಾಗದಲ್ಲಿ ಫ್ಲ್ಯಾಶ್ ಕೂರಿಸುವ ಕಂಡಿಯ ನಡುವೆ ಲೋಹದ ಸಂಪರ್ಕ ಬಿಂದು ಇದ್ದರೆ ಅದು ಜಿಎಸ್‌ಎನ್, ಬರಿಯ ಕಂಡಿಯಿದ್ದರೆ ಹಳೆಯ ಮಾದರಿ. ಹಲವು ಕೈ ದಾಟಿ ಬಂದ ಕ್ಯಾಮೆರಾಗಳಲ್ಲಿ ಒಂದರ ಭಾಗ ಇನ್ನೊಂದಕ್ಕೆ ಸೇರಿರುವುದುಂಟು. ಆದ್ದರಿಂದ ಮೈಮೇಲಿನ ಅಕ್ಷರಗಳನ್ನಷ್ಟೇ ನಂಬದೆ ಈ ಬಿಂದುವನ್ನೂ ನೋಡಿಕೊಳ್ಳುವುದು ಒಳ್ಳೆಯದು. ಲೆನ್ಸ್ ಮಾತ್ರ ಈ ಮಾದರಿಗಳೆಲ್ಲದರಲ್ಲಿಯೂ 45 ಮಿಲಿಮೀಟರ್, ಎಫ್ 1.7 (ಎಫ್ ಸಂಖ್ಯೆ ಕಿರಿದಾದಷ್ಟೂ ಒಳಬರುವ ಬೆಳಕು ಹೆಚ್ಚು). ಜಿಎಸ್‌ಎನ್‌ನ ಲೆನ್ಸ್ ಉಂಗುರದ ಮೇಲೆ ಕಲರ್ ಯಾಶಿನಾನ್ ಡಿಎಕ್ಸ್ ಎಂದು ಬರೆದಿರುತ್ತದೆ.

ಅಂಗಡಿಯಲ್ಲಿಯೇ ಮಾಡಬೇಕಾದ ಪರೀಕ್ಷೆಗಳಲ್ಲಿ ಅತ್ಯಂತ ಮುಖ್ಯವಾದುದು ಕಿವಿಯಿಂದ ಮಾಡುವಂಥದ್ದು. ಶಟರ್ ಒತ್ತಿ, ರೀಲು ಮುಂದೂಡುವ ಲಿವರನ್ನು ನಿಧಾನವಾಗಿ ಎಳೆದಾಗ ಒಳಗಿನಿಂದ ‘ಠಕ್’ ಎಂಬ ಸ್ಪಷ್ಟ ಸದ್ದು ಕೇಳಬೇಕು, ಬೆರಳಿಗೂ ಅದು ತಿಳಿಯಬೇಕು. ಶಟರ್ ಗುಂಡಿಯ ಸರಳಿಗೆ ಹೊಂದಿಕೊಂಡ ಒಂದು ಪುಟ್ಟ ರಬ್ಬರ್ ತುಂಡು ಇನ್ನೂ ಉಳಿದಿದೆ ಎಂಬುದಕ್ಕೆ ಆ ಸದ್ದೇ ಸಾಕ್ಷಿ. ದಶಕಗಳ ಕಾಲದಲ್ಲಿ ಆ ರಬ್ಬರ್ ಕರಗಿ ಅಂಟಾಗಿ ಕೊನೆಗೆ ಪುಡಿಯಾಗುತ್ತದೆ. ಹಾಗಾದಾಗ ಸರಳು ತಾನು ಮರಳಬೇಕಾದಷ್ಟು ಎತ್ತರಕ್ಕೆ ಮರಳುವುದಿಲ್ಲ, ವಿದ್ಯುತ್ ಸಂಪರ್ಕಗಳು ಮೊದಲ ಸ್ಥಿತಿಗೆ ಬರುವುದಿಲ್ಲ, ಶಟರ್‌ನ ವೇಗವನ್ನು, ಅಂದರೆ ಅದು ಎಷ್ಟು ಹೊತ್ತು ತೆರೆದಿರುತ್ತದೆ ಎಂಬುದನ್ನು, ನಂಬಲಾಗುವುದಿಲ್ಲ. ಹೀಗೆ ತೆಗೆದ ಚಿತ್ರಗಳು ಸಾಮಾನ್ಯವಾಗಿ ಬೆಳಕು ಹೆಚ್ಚಾಗಿ ಬಿಳಚಿಕೊಂಡಿರುತ್ತವೆ. ಈ ಕ್ಯಾಮೆರಾವನ್ನು ಬಲ್ಲವರು ಆ ತುಂಡನ್ನು ‘ಸಾವಿನ ಪ್ಯಾಡ್’ ಎಂದೇ ಕರೆಯುತ್ತಾರೆ. ನನ್ನ ಕ್ಯಾಮೆರಾದಲ್ಲಿ ಸದ್ದು ಇರಲಿಲ್ಲ. ಹಾಗಿದ್ದೂ ಕೊಂಡೆ, ಏಕೆಂದರೆ ಬೆಲೆ ಕಡಿಮೆಯಿತ್ತು ಮತ್ತು ಲೆನ್ಸ್ ಉಳಿಸಿಕೊಳ್ಳಬಹುದಾದ ಸ್ಥಿತಿಯಲ್ಲಿತ್ತು.

ಲೆನ್ಸನ್ನು ನೋಡುವ ಕ್ರಮ ಹೀಗೆ. ಅಪರ್ಚರನ್ನು, ಅಂದರೆ ಲೆನ್ಸಿನೊಳಗೆ ಬೆಳಕು ಬರುವ ಕಿಂಡಿಯನ್ನು, 1.7ಕ್ಕೆ ತಿರುಗಿಸಿ, ವೇಗದ ಉಂಗುರವನ್ನು ‘ಬಿ’ಗೆ (ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತೂ ಶಟರ್ ತೆರೆದಿರುವ ಸ್ಥಾನಕ್ಕೆ) ಇಟ್ಟು, ಹಿಂಬಾಗಿಲು ತೆರೆದು, ಗುಂಡಿಯನ್ನು ಒತ್ತಿ ಹಿಡಿದು, ಮೊಬೈಲಿನ ಟಾರ್ಚನ್ನು ಮುಂದಿನಿಂದ ಓರೆಯಾಗಿ ಹಾಯಿಸಬೇಕು. ಧೂಳಿನ ಕಣಗಳು ಎಷ್ಟಿದ್ದರೂ ಚಿಂತೆಯಿಲ್ಲ. ಬೇರಿನಂತೆ ಕವಲೊಡೆದ ಬಿಳಿಯ ಎಳೆಗಳು ಕಂಡರೆ ಅದು ಬೂಷ್ಟು. ಅಂಚಿನಲ್ಲಿ ಮಾತ್ರವಿದ್ದರೆ ತೆಗೆಯಬಹುದು, ನಡುವಿನವರೆಗೆ ಹಬ್ಬಿದ್ದರೆ ಒರೆಸಿದ ಮೇಲೂ ಲೇಪನದ ಮೇಲೆ ಕಲೆ ಉಳಿಯುವ ಸಂಭವವೇ ಹೆಚ್ಚು. ತುಮಕೂರಿನ ಒಣ ಹವೆ ಈ ವಿಷಯದಲ್ಲಿ ನಮಗೆ ಅನುಕೂಲಕರ. ಕರಾವಳಿ, ಮಲೆನಾಡುಗಳ ಕಡೆಯಿಂದ ಬಂದ ಕ್ಯಾಮೆರಾಗಳನ್ನು ಇನ್ನಷ್ಟು ಎಚ್ಚರದಿಂದ ನೋಡಬೇಕು.

ದುರಸ್ತಿಯನ್ನು ಬ್ಯಾಟರಿ ಗೂಡಿನಿಂದ ಆರಂಭಿಸಿದೆ. ಜಿಎಸ್‌ಎನ್‌ಗೆ ಮೂಲತಃ ಬಳಸುತ್ತಿದ್ದುದು 5.6 ವೋಲ್ಟಿನ ಪಾದರಸದ ಬ್ಯಾಟರಿ. ಪಾದರಸ ವಿಷವಾದ್ದರಿಂದ ಅಂತಹ ಬ್ಯಾಟರಿಗಳ ತಯಾರಿಕೆ ನಿಂತುಹೋಗಿದೆ. ಹಳೆಯ ಬ್ಯಾಟರಿ ಒಳಗೇ ಉಳಿದಿದ್ದರೆ ಅದನ್ನು ಕೈಗವಸು ಹಾಕಿಕೊಂಡು ತೆಗೆಯಬೇಕು, ಮನೆಯ ಕಸದೊಂದಿಗೆ ಎಸೆಯದೆ ಇ-ತ್ಯಾಜ್ಯಕ್ಕೆ ಕೊಡಬೇಕು. ಗೂಡಿನ ಸಂಪರ್ಕಗಳ ಮೇಲೆ ಹಸಿರು ಕಿಲುಬು ಕಟ್ಟಿತ್ತು. ಹತ್ತಿಯ ಕಡ್ಡಿಯನ್ನು ವಿನೆಗರ್‌ನಲ್ಲಿ ಅದ್ದಿ ಉಜ್ಜಿ, ಬಳಿಕ ಐಸೊಪ್ರೊಪೈಲ್ ಆಲ್ಕೊಹಾಲ್‌ನಿಂದ ಒರೆಸಿದ ಮೇಲೆ ಲೋಹ ಹೊಳೆಯಿತು. ಆದರೂ ಬ್ಯಾಟರಿ ಪರೀಕ್ಷೆಯ ದೀಪ ಹತ್ತಲಿಲ್ಲ. ಗೂಡಿನ ಅಡಿಯಲ್ಲಿ ಬೆಸುಗೆ ಹಾಕಿದ ತಂತಿ ಹೊದಿಕೆಯೊಳಗೇ ಕಪ್ಪಾಗಿ ತಿಂದುಹೋಗಿತ್ತು. ಹೊರಗಿನಿಂದ ನೋಡಿದರೆ ಗಟ್ಟಿಯಾಗಿಯೇ ಇದ್ದ ಆ ತಂತಿ, ಚಿಮುಟದಿಂದ ಮುಟ್ಟಿದ ಕೂಡಲೇ ಉದುರಿ ಬಿತ್ತು. ಹೊಸ ತಂತಿಯನ್ನು ಬೆಸೆದ ಮೇಲೆ, ಬ್ಯಾಟರಿ ಪರೀಕ್ಷಿಸುವ ಗುಂಡಿ ಒತ್ತಿದಾಗ ಚಿತ್ರಗಳ ಸಂಖ್ಯೆ ತೋರುವ ಕಿಂಡಿಯಲ್ಲಿ ಹಸಿರು ಬೆಳಕು ಮೂಡಿತು. ಎಷ್ಟೋ ಕ್ಯಾಮೆರಾಗಳನ್ನು ‘ಸರ್ಕ್ಯೂಟ್ ಹೋಗಿದೆ’ ಎಂದು ಮೂಲೆಗೆ ಹಾಕಿರುವುದು ಇಂಥ ಒಂದು ತಂತಿಯ ಕಾರಣಕ್ಕೆ ಎಂದು ನಾನು ನಂಬುತ್ತೇನೆ.

ಬ್ಯಾಟರಿಗೆ ಪರ್ಯಾಯ ಸುಲಭ. ಕೈಗಡಿಯಾರದ ಅಂಗಡಿಗಳಲ್ಲಿ ಸಿಗುವ ಎಲ್‌ಆರ್44 ಗುಂಡಿ ಬ್ಯಾಟರಿಗಳನ್ನು ನಾಲ್ಕು ಜೋಡಿಸಿದರೆ 6 ವೋಲ್ಟ್ ಆಗುತ್ತದೆ. ಮೂಲ ಬ್ಯಾಟರಿ ಇದಕ್ಕಿಂತ ದಪ್ಪ ಮತ್ತು ಉದ್ದ ಇದ್ದುದರಿಂದ, ಸುತ್ತಲೂ ದಪ್ಪ ಕಾಗದದ ಕೊಳವೆಯನ್ನೂ ಉಳಿದ ಉದ್ದಕ್ಕೆ ಒಂದು ಲೋಹದ ಸ್ಪ್ರಿಂಗನ್ನೂ ಕೊಡಬೇಕಾಗುತ್ತದೆ. ತಂತಿಯ ಸುರುಳಿ ಸಡಿಲವಾದರೆ ದೀಪ ಮಿನುಗುತ್ತದೆ, ಅದೊಂದನ್ನು ಗಮನಿಸಿದರೆ ಸಾಕು. ಆನ್‌ಲೈನಿನಲ್ಲಿ ಸಿದ್ಧ ಅಡಾಪ್ಟರುಗಳೂ ಸಿಗುತ್ತವೆ. ವೋಲ್ಟೇಜಿನ ಈ ಸಣ್ಣ ವ್ಯತ್ಯಾಸದಿಂದ ಚಿತ್ರದ ಬೆಳಕಿನಲ್ಲಿ ಏರುಪೇರಾದದ್ದನ್ನು ನನ್ನ ನೆಗೆಟಿವ್‌ಗಳಲ್ಲಿ ನಾನು ಕಂಡಿಲ್ಲ.

ರಬ್ಬರ್ ತುಂಡನ್ನು ಬದಲಿಸುವುದು ಇಡೀ ದುರಸ್ತಿಯಲ್ಲಿ ಹೆಚ್ಚು ಸಮಯ ಬೇಡಿದ ಕೆಲಸ. ಮೇಲಿನ ಮುಚ್ಚಳವನ್ನು ತೆಗೆದು, ಕರಗಿ ಅಂಟಿಕೊಂಡಿದ್ದ ಹಳೆಯ ರಬ್ಬರನ್ನು ಸಂಪೂರ್ಣವಾಗಿ ಕೆರೆದು, ಅದೇ ದಪ್ಪದ ಗಟ್ಟಿ ರಬ್ಬರನ್ನು ಅಂಟಿಸಬೇಕು. ತುಸು ತೆಳುವಾದರೆ ‘ಠಕ್’ ಸದ್ದು ಬಾರದು, ದಪ್ಪವಾದರೆ ಲಿವರ್ ಬಿಗಿಯುತ್ತದೆ. ಮುಚ್ಚಳ ಹಾಕುವ ಮೊದಲೇ ಲಿವರ್ ಎಳೆದು ಸದ್ದನ್ನು ಪರೀಕ್ಷಿಸಿಕೊಳ್ಳಬೇಕು. ಮುಚ್ಚಳ ತೆರೆದಿರುವಾಗಲೇ ರೇಂಜ್‌ಫೈಂಡರಿನ (ಎರಡು ಬಿಂಬಗಳನ್ನು ಒಂದಾಗಿಸಿ ಫೋಕಸ್ ಮಾಡುವ ಸಾಧನದ) ಗಾಜುಗಳ ಧೂಳನ್ನು ಊದಿ ತೆಗೆದು, ಫೋಕಸನ್ನೂ ಸರಿಹೊಂದಿಸಿಕೊಳ್ಳುವುದು ಜಾಣತನ. ಹಿಂಬಾಗಿಲು ತೆರೆದು ರೀಲು ಕೂರುವ ಜಾಗಕ್ಕೆ ಮಸುಕು ಟೇಪನ್ನು ಬಿಗಿಯಾಗಿ ಅಂಟಿಸಿ, ಶಟರನ್ನು ‘ಬಿ’ಯಲ್ಲಿ ತೆರೆದಿಟ್ಟು, ದೂರದ ಮೊಬೈಲ್ ಟವರಿನತ್ತ ಲೆನ್ಸನ್ನು ಅನಂತ ದೂರಕ್ಕೆ ಇಟ್ಟು ಭೂತಗನ್ನಡಿಯಿಂದ ನೋಡಿದೆ. ಟೇಪಿನ ಮೇಲೆ ಟವರ್ ಚೂಪಾಗಿ ಮೂಡಿದಾಗ ವ್ಯೂಫೈಂಡರಿನ ಹಳದಿ ಚೌಕದೊಳಗೂ ಎರಡು ಟವರುಗಳು ಒಂದಾಗಿ ಕಾಣಬೇಕು. ಹಾಗೆ ಕಾಣುವವರೆಗೆ ರೇಂಜ್‌ಫೈಂಡರಿನ ಸ್ಕ್ರೂವನ್ನು ಕೂದಲೆಳೆಯಷ್ಟು ಕೂದಲೆಳೆಯಷ್ಟೇ ತಿರುಗಿಸಬೇಕು.

ಹಿಂಬಾಗಿಲಿನ ಫೋಮ್ ಹಳೆಯ ಕ್ಯಾಮೆರಾಗಳಲ್ಲೆಲ್ಲ ಕರಗಿ ಡಾಂಬರಿನಂತಾಗಿರುತ್ತದೆ. ಅದನ್ನು ಕೆರೆದು, ಸಪೂರ ಕಂದಕಗಳಿಗೆ ಕಪ್ಪು ಉಣ್ಣೆಯ ನೂಲನ್ನೂ, ಕೀಲಿನ ಬದಿಗೆ ಕಪ್ಪು ವೆಲ್ವೆಟ್ ಪಟ್ಟಿಯನ್ನೂ ಅಂಟಿಸಿದ್ದೇನೆ. ಬಟ್ಟೆ ಅಂಗಡಿಯಲ್ಲಿ ಸಿಗುವ ಈ ಸಾಮಗ್ರಿಗೆ ಖರ್ಚು ಇಲ್ಲವೆಂದೇ ಹೇಳಬಹುದು, ಇಂದಿಗೂ ಬೆಳಕು ಸೋರಿಲ್ಲ.

ಇನ್ನು ಬಳಕೆ. ಜಿಎಸ್‌ಎನ್‌ನಲ್ಲಿ ಅಪರ್ಚರ್ ನಮ್ಮ ಕೈಯಲ್ಲಿ, ವೇಗ ಕ್ಯಾಮೆರಾದ ಕೈಯಲ್ಲಿ. 30 ಸೆಕೆಂಡಿನಿಂದ 1/500 ಸೆಕೆಂಡಿನವರೆಗೆ ನಡುವಿನ ಯಾವ ವೇಗವನ್ನಾದರೂ ಅದು ಆರಿಸಿಕೊಳ್ಳುತ್ತದೆ, ಮೆಟ್ಟಿಲುಗಳಿಲ್ಲ. ಗುಂಡಿಯನ್ನು ಅರ್ಧ ಒತ್ತಿದಾಗ ಬೆಳಕು ಮಿತಿಮೀರಿದ್ದರೆ ಕೆಂಪು ಬಾಣ, ವೇಗ 1/30ಕ್ಕಿಂತ ಕಡಿಮೆಯಾದರೆ ಹಳದಿ ಬಾಣ ಹೊತ್ತಿಕೊಳ್ಳುತ್ತದೆ. ಅಪರ್ಚರ್ ಉಂಗುರವನ್ನು ಯಾವ ಕಡೆಗೆ ತಿರುಗಿಸಬೇಕೆಂಬುದನ್ನು ಬಾಣವೇ ತೋರಿಸುತ್ತದೆ. ಆದರೆ ಕ್ಯಾಮೆರಾ ಆರಿಸಿದ ವೇಗ ಎಷ್ಟೆಂಬುದನ್ನು ಎಲ್ಲಿಯೂ ತೋರಿಸುವುದಿಲ್ಲ. ಇದೇ ಈ ಕ್ಯಾಮೆರಾದ ದೊಡ್ಡ ಕೊರತೆ ಎಂದು ನನ್ನ ಅಭಿಪ್ರಾಯ.

ನಮ್ಮ ಬಯಲುಸೀಮೆಯ ಬಿಸಿಲಿನಲ್ಲಿ ಇನ್ನೊಂದು ಮಿತಿ ಎದುರಾಗುತ್ತದೆ. 400 ವೇಗದ ರೀಲು (ಈ ಸಂಖ್ಯೆ ಹೆಚ್ಚಿದಷ್ಟೂ ರೀಲಿಗೆ ಕಡಿಮೆ ಬೆಳಕು ಸಾಕು) ಹಾಕಿಕೊಂಡು ಮಧ್ಯಾಹ್ನ ಸಿದ್ಧಗಂಗೆಯ ಜಾತ್ರೆಗೆ ಹೋದರೆ, ಎತ್ತಿನ ಮುಖಕ್ಕೆ ಮಾತ್ರ ಫೋಕಸ್ ಇರಲಿ, ಹಿಂದಿನ ಜನಜಂಗುಳಿ ಮಸುಕಾಗಲಿ ಎಂದು ಅಪರ್ಚರ್ ತೆರೆಯಲು ಆಗುವುದಿಲ್ಲ. 1/500ಕ್ಕೆ ಎಫ್ 16ರ ಹತ್ತಿರವೇ ಇರಬೇಕಾಗುತ್ತದೆ, ಅದಕ್ಕಿಂತ ತೆರೆದರೆ ಕೆಂಪು ಬಾಣ ಆರುವುದೇ ಇಲ್ಲ. 100 ವೇಗದ ರೀಲಿನಲ್ಲಿ ಎಫ್ 8ರವರೆಗೆ ತೆರೆಯಬಹುದು. ಹೀಗಾಗಿ ಬೇಸಿಗೆಯಲ್ಲಿ ನಾನು ಕಡಿಮೆ ವೇಗದ ರೀಲನ್ನೇ ಹಾಕುತ್ತೇನೆ. ಬೆಳಕನ್ನು ಅಳೆಯುವ ಕಣ್ಣು ಲೆನ್ಸಿನ ಹೊರಗೆ, ವ್ಯೂಫೈಂಡರಿನ ಪಕ್ಕದಲ್ಲಿರುವುದರಿಂದ ಲೆನ್ಸಿಗೆ ಹಾಕಿದ ಫಿಲ್ಟರ್ ಅದಕ್ಕೆ ತಿಳಿಯದು. ಕಪ್ಪುಬಿಳುಪಿಗೆ ಹಳದಿ ಫಿಲ್ಟರ್ ಹಾಕಿದಾಗ ರೀಲಿನ ವೇಗವನ್ನು ಕ್ಯಾಮೆರಾಗೆ ತಿಳಿಸುವ ಎಎಸ್‌ಎ ಚಕ್ರವನ್ನು 400ರಿಂದ 200ಕ್ಕೆ ಇಳಿಸಬೇಕು. ದೇವರಾಯನದುರ್ಗದ ಮೇಲಿಂದ ಆಕಾಶವನ್ನೇ ಹೆಚ್ಚು ತುಂಬಿಸಿ ತೆಗೆಯುವಾಗಲೂ, ಬಂಡೆಗಳು ಕಪ್ಪಾಗದಿರಲು ಅದೇ ಚಕ್ರವೇ ದಾರಿ.

ಈ ಕ್ಯಾಮೆರಾ ತನ್ನ ಬೆಲೆಯನ್ನು ತೀರಿಸುವುದು ಮಂದ ಬೆಳಕಿನಲ್ಲಿ. ಕೈದಾಳದ ಚನ್ನಕೇಶವ ದೇವಾಲಯದ ಕಂಬಗಳ ನಡುವೆ, ಬಾಗಿಲಿನಿಂದ ಬರುವ ಬೆಳಕೊಂದನ್ನೇ ನೆಚ್ಚಿಕೊಂಡು ಎಫ್ 1.7ರಲ್ಲಿ ತೆಗೆದ ಚಿತ್ರಗಳು ನನ್ನ ಸಂಗ್ರಹದಲ್ಲಿ ನನಗೆ ಅತ್ಯಂತ ಪ್ರಿಯವಾದವು. ಎಸ್‌ಎಲ್‌ಆರ್‌ನಂತೆ ಮೇಲೆದ್ದು ಬಡಿಯುವ ಕನ್ನಡಿ ಇದರಲ್ಲಿ ಇಲ್ಲ, ಲೆನ್ಸಿನೊಳಗೆ ತೆಳು ಎಲೆಗಳಂತೆ ತೆರೆದು ಮುಚ್ಚುವ ಎಲೆ ಶಟರಿನ ಸದ್ದು ಪಕ್ಕದಲ್ಲಿ ನಿಂತವರಿಗೂ ಕೇಳಿಸುವುದು ಕಷ್ಟ. ಹಳದಿ ಬಾಣ ಹೊತ್ತಿದ್ದರೂ ಕಂಬಕ್ಕೆ ಮೈ ಆನಿಸಿ ಉಸಿರು ಹಿಡಿದು ಒತ್ತಿದರೆ ಚಿತ್ರ ಅಲುಗಿರುವುದಿಲ್ಲ. ಪೂರ್ತಿ ತೆರೆದಾಗ ಅಂಚುಗಳು ತುಸು ಮೃದುವಾಗಿರುತ್ತವೆ, ಎಫ್ 4ರಿಂದಾಚೆಗೆ ಮೂಲೆಮೂಲೆಯೂ ಚೂಪು. 0.8 ಮೀಟರಿಗಿಂತ ಹತ್ತಿರ ಹೋಗಲಾಗದು, ಆದ್ದರಿಂದ ಶಿಲ್ಪದ ಸೂಕ್ಷ್ಮ ಕೆತ್ತನೆಗೆ ಬೇರೆ ಕ್ಯಾಮೆರಾ ಬೇಕು.

ಬ್ಯಾಟರಿ ಸತ್ತರೆ ಶಟರ್ 1/500ರಲ್ಲಿ ಮಾತ್ರ ನಡೆಯುತ್ತದೆ. ಬಿಸಿಲಿದ್ದರೆ 400ರ ರೀಲನ್ನು ಎಫ್ 16ಕ್ಕಿಟ್ಟು ಉಳಿದ ಚಿತ್ರಗಳನ್ನು ಮುಗಿಸಬಹುದು, ಒಳಾಂಗಣದಲ್ಲಿ ಏನೂ ಮಾಡಲಾಗದು. ಮದುವೆಯಂತಹ ಮರಳಿ ಬಾರದ ಸಂದರ್ಭಕ್ಕೆ ಹೋಗುವಾಗ ಜೇಬಿನಲ್ಲಿ ಬದಲಿ ಬ್ಯಾಟರಿ ಇರಲೇಬೇಕು.

ಊಟಿಯ ಹಿಂದೂಸ್ತಾನ್ ಫೋಟೊ ಫಿಲ್ಮ್ಸ್ ತಯಾರಿಸುತ್ತಿದ್ದ ‘ಇಂದು’ ಎಂಬ ಹೆಸರಿನ ರೀಲುಗಳನ್ನು ನಮ್ಮ ಹಳೆಯ ಸ್ಟುಡಿಯೊದವರು ಇಂದಿಗೂ ನೆನೆಯುತ್ತಾರೆ. ಈಗ ಸಿಗುವುದೆಲ್ಲ ಆಮದು ರೀಲು, ಬೆಲೆ ದುಬಾರಿ. ಬಣ್ಣದ ರೀಲನ್ನು ತೊಳೆಸಲು ನಾನು ಬೆಂಗಳೂರಿಗೆ ಕಳುಹಿಸುತ್ತೇನೆ, ಕಪ್ಪುಬಿಳುಪನ್ನು ಮನೆಯಲ್ಲಿಯೇ ತೊಳೆಯುತ್ತೇನೆ. ರೀಲಿನಲ್ಲಿ ಚಿತ್ರ ಮೂಡಿಸುವ ದ್ರಾವಣವಾದ ಡೆವಲಪರ್ 20 ಡಿಗ್ರಿಯಲ್ಲಿರಬೇಕು, ಏಪ್ರಿಲ್ ತಿಂಗಳಲ್ಲಿ ನಮ್ಮ ನಲ್ಲಿಯ ನೀರು ಅದಕ್ಕಿಂತ ಎಷ್ಟೋ ಬಿಸಿ. ಡಬ್ಬಿಯನ್ನು ಐಸ್ ಬೆರೆಸಿದ ನೀರಿನ ಬೋಗುಣಿಯಲ್ಲಿಟ್ಟು ಥರ್ಮಾಮೀಟರ್ ನೋಡುತ್ತಲೇ ಕೆಲಸ ಮಾಡಬೇಕು.

ಯಾಶಿಕಾ ಕಂಪನಿ 1983ರಲ್ಲಿ ಕ್ಯೊಸೆರಾದಲ್ಲಿ ವಿಲೀನವಾಯಿತು, ಕ್ಯೊಸೆರಾ 2005ರಲ್ಲಿ ಕ್ಯಾಮೆರಾ ತಯಾರಿಕೆಯನ್ನೇ ನಿಲ್ಲಿಸಿತು. ಹೀಗಾಗಿ ಬಿಡಿಭಾಗ ಬೇಕಾದರೆ ಇನ್ನೊಂದು ಕೆಟ್ಟ ಎಲೆಕ್ಟ್ರೊವೇ ಆಸರೆ. ಕಡಿಮೆ ಬೆಲೆಗೆ ಕೆಟ್ಟುಹೋದ ಜಿಎಸ್ ಸಿಕ್ಕರೂ ಬಿಡದೆ ತೆಗೆದಿಟ್ಟುಕೊಳ್ಳಿ, ಅದರ ಎಷ್ಟೋ ಭಾಗಗಳು ಜಿಎಸ್‌ಎನ್‌ಗೆ ಹೊಂದುತ್ತವೆ. ಬಳಸದ ತಿಂಗಳುಗಳಲ್ಲಿ ಬ್ಯಾಟರಿಯನ್ನು ಹೊರತೆಗೆದು, ಕ್ಯಾಮೆರಾವನ್ನು ಅದರ ಚರ್ಮದ ಚೀಲದಿಂದ ಬೇರ್ಪಡಿಸಿ, ಸಿಲಿಕಾ ಜೆಲ್ ಇರುವ ಗಾಳಿಯಾಡದ ಡಬ್ಬಿಯಲ್ಲಿಡಿ. ತೇವ ಹಿಡಿಯುವ ಆ ಚರ್ಮದಲ್ಲಿಯೇ ಬೂಷ್ಟು ಮೊದಲು ಹುಟ್ಟಿ ಲೆನ್ಸಿಗೆ ಹಬ್ಬುತ್ತದೆ.