ರಾತ್ರಿ ಮೂತ್ರಕ್ಕೆ ಏಳುವ ಕಾಟಕ್ಕೆ ಕಾಲುಚೀಲ ತಗೊಂಡೆ

ಮೂತ್ರದ ತೊಂದರೆಗೆ ಕಾಲನ್ನು ಒತ್ತಿ ಹಿಡಿಯುವ ಬಿಗಿ ಕಾಲುಚೀಲ ಅಂದಾಗ ನಮ್ಮವರು ನಕ್ಕೇ ಬಿಟ್ಟರು. ನನಗೂ ನಗು ಬಂದಿತ್ತು. ನಾಲ್ಕು ತಿಂಗಳು ಹಾಕಿ ನೋಡಿದ ಮೇಲೆ ಬರೆಯುತ್ತಿದ್ದೇನೆ.

ನನಗೆ 58. ಮಂಗಳೂರು ರಥಬೀದಿ ಹತ್ತಿರದ ಬಟ್ಟೆ ಅಂಗಡಿಯಲ್ಲಿ ಸೀರೆ ತೋರಿಸುವ ಕೆಲಸ. ಬೆಳಿಗ್ಗೆ ಒಂಬತ್ತೂವರೆಯಿಂದ ರಾತ್ರಿ ಏಳೂವರೆವರೆಗೆ ನಿಂತೇ ಇರಬೇಕು. ರಾತ್ರಿ ನಾಲ್ಕು ಸಲ ಏಳುತ್ತಿದ್ದೆ. ಮೊದಲು ತೋರಿಸಿದ ಕ್ಲಿನಿಕ್ಕಿನಲ್ಲಿ "ವಯಸ್ಸಾಯ್ತಲ್ಲ ಅಮ್ಮ" ಅಂದು ಕಳುಹಿಸಿದರು.

ಎರಡನೇ ಡಾಕ್ಟರು ಶುಗರ್, ಕಿಡ್ನಿ, ಹೃದಯ ಎಲ್ಲ ನೋಡಿದರು. ಗೊರಕೆ ಉಂಟಾ, ಬಿಪಿ ಮಾತ್ರೆ ಯಾವುದು ಅಂತ ಕೇಳಿದರು. ಆಮೇಲೆ ಮೂರು ದಿನ ಮೂತ್ರ ಅಳೆದು ಬರೆಯಲು ಹೇಳಿದರು. ಅಳತೆಯ ಜಗ್ಗು ಅಂಗಡಿಗೂ ಒಯ್ದೆ, ಸೀರೆ ಕವರಿನಲ್ಲಿ ಸುತ್ತಿ! ದಿನಕ್ಕೆ ಸುಮಾರು 1,800 ಎಂಎಲ್, ಅದರಲ್ಲಿ 1,000 ರಾತ್ರಿಯದ್ದೇ. ಬೆಳಿಗ್ಗೆ ಎದ್ದ ಕೂಡಲೇ ಹೋಗುವುದೂ ರಾತ್ರಿ ಲೆಕ್ಕಕ್ಕೇ ಸೇರುತ್ತದೆ. ನನ್ನ ಪ್ರಾಯದವರಿಗೆ ಮೂರನೇ ಒಂದು ಪಾಲು ದಾಟಿದರೆ ಜಾಸ್ತಿಯೇ ಅಂದರು.

ಮತ್ತೆ ಮೊಣಕಾಲಿನ ಕೆಳಗೆ ಎಲುಬಿನ ಮೇಲೆ ಹೆಬ್ಬೆರಳು ಒತ್ತಿ ಹಿಡಿದರು. ಬೆರಳು ತೆಗೆದರೂ ಗುಂಡಿ ಹಾಗೇ ಉಳಿಯಿತು. ಇಡೀ ದಿನ ನಿಂತು ಕಾಲಿಗೆ ಇಳಿದ ನೀರು, ಮಲಗಿದ ಮೇಲೆ ರಕ್ತಕ್ಕೆ ವಾಪಸ್ ಬರುತ್ತದೆ. ಕಿಡ್ನಿ ಅದನ್ನು ರಾತ್ರಿಯೇ ಹೊರಗೆ ಹಾಕುತ್ತದೆ. ಮೂತ್ರಚೀಲದ ತಪ್ಪೇನೂ ಇರಲಿಲ್ಲ. ಹಗಲು ಕಾಲಿಗೆ ನೀರು ಇಳಿಯುವುದು ಕಡಿಮೆಯಾಗಲಿ ಅಂತಲೇ ಡಾಕ್ಟರು ಬಿಗಿ ಕಾಲುಚೀಲ ಬರೆದುಕೊಟ್ಟದ್ದು.

ಮೊದಲು ಆನ್‌ಲೈನಿನಲ್ಲಿ ತರಿಸಿದ ಕಾಲುಚೀಲ ದಂಡ. ಸುರುಳಿ ಸುತ್ತಿ ಇಳಿದು ಮೀನಖಂಡದಲ್ಲಿ ಗೆರೆ ಬಿತ್ತು. ಆಮೇಲೆ ಹಂಪನಕಟ್ಟೆಯ ಸರ್ಜಿಕಲ್ ಅಂಗಡಿಗೆ ಹೋದೆ. ಅಲ್ಲಿನ ಹುಡುಗ ಸಂಜೆ ಅಳತೆಯನ್ನೇ ತೆಗೆಯಲಿಲ್ಲ. "ಬಾತ ಕಾಲಿಗೆ ಅಳತೆ ತೆಗೆದರೆ ದೊಡ್ಡದಾಗ್ತದೆ ಅಕ್ಕ, ಬೆಳಿಗ್ಗೆ ಬನ್ನಿ." ಬಂದ ಗಿರಾಕಿಯನ್ನು ಹೀಗೆ ವಾಪಸ್ ಕಳುಹಿಸುವವರು ಎಷ್ಟು ಜನ ಇದ್ದಾರೆ ಹೇಳಿ? ಮರುದಿನ ಟೇಪು ಹಿಡಿದು ಪಾದದ ಗಂಟು, ಮೀನಖಂಡ ಎರಡನ್ನೂ ಅಳೆದು, ಡಾಕ್ಟರು ಬರೆದ ಬಿಗಿಯದ್ದೇ ಕೊಟ್ಟ. ಮೊಣಕಾಲಿನವರೆಗೆ ಬರುತ್ತದೆ, ಬೆರಳಿನ ಹತ್ತಿರ ತೆರೆದಿದೆ. ಒಂದು ಜೊತೆಗೆ 1,150 ರೂಪಾಯಿ ಆಯಿತು.

ಹಾಕುವುದು ಮಾತ್ರ ಕುಸ್ತಿ. ಹಾಸಿಗೆಯಿಂದ ಇಳಿಯುವ ಮೊದಲೇ, ಕಾಲು ಬಾತುಕೊಳ್ಳುವ ಮುಂಚೆ ಹಾಕಬೇಕು. ಹಿಮ್ಮಡಿವರೆಗೆ ಒಳಮಗ್ಗುಲು ಹೊರಗೆ ಮಾಡಿ, ಪಾತ್ರೆ ತೊಳೆಯುವ ರಬ್ಬರ್ ಗ್ಲೌಸ್ ಹಾಕಿಕೊಂಡು ಎಳೆದರೆ ಬೇಗ ಏರುತ್ತದೆ. ಮಲಗುವಾಗ ತೆಗೆಯಬೇಕು. ಮೇ ತಿಂಗಳ ಸೆಕೆಯಲ್ಲಿ ತುರಿಕೆಯೋ ತುರಿಕೆ ಮಾರಾಯ್ರೆ.

ಫಲ ಎಲ್ಲ ಇದರದ್ದೇ ಅಂತ ಹೇಳಲಾರೆ. ಮಧ್ಯಾಹ್ನ ಅರ್ಧ ಗಂಟೆ ಗೋದಾಮಿನಲ್ಲಿ ಲುಂಗಿ ಬಂಡಲುಗಳ ಮೇಲೆ ಕಾಲು ಎತ್ತಿಟ್ಟು ಮಲಗುತ್ತೇನೆ, ಧಣಿಗಳು ಒಪ್ಪಿದ್ದಾರೆ. ರಾತ್ರಿಯ ಗಂಜಿಗೂ ಕತ್ತರಿ ಬಿತ್ತು. ಎರಡು ಲೋಟ ತಿಳಿ, ಜೊತೆಗೆ ಒಣ ಸಿಗಡಿ ಚಟ್ನಿ, ಮಿಡಿ ಉಪ್ಪಿನಕಾಯಿ: ನೀರೂ ಉಪ್ಪೂ ಒಟ್ಟಿಗೇ! ಈಗ ಬಸಿದ ಅನ್ನ, ಅದೂ ಎಂಟಕ್ಕೇ. ಏಳುವುದು ಒಂದು ಸಲಕ್ಕೆ ಇಳಿದಿದೆ, ಕೆಲವು ದಿನ ಎರಡು.

ಸುಮ್ನೆ ಕೊಂಡು ಹಾಕಬೇಡಿ. ಕಾಲಿಗೆ ರಕ್ತ ಸರಿಯಾಗಿ ಹರಿಯದವರಿಗೆ ಅಪಾಯ. ನನ್ನ ಪಾದದ ನಾಡಿ ಮುಟ್ಟಿ ನೋಡಿಯೇ ಡಾಕ್ಟರು ಬರೆದುಕೊಟ್ಟದ್ದು. ತಗೊಳ್ಳುವುದಾದರೆ ಎರಡು ಜೊತೆ ತಗೊಳ್ಳಿ. ಆಟಿಯ ಮಳೆಗೆ ನನ್ನದು ಫ್ಯಾನಿನ ಕೆಳಗೆ ಎರಡು ದಿನ ನೇತಾಡಿದರೂ ಹಿಮ್ಮಡಿ ಹತ್ತಿರ ಇನ್ನೂ ಒದ್ದೆ.